ವಸಡಿನ ಕಸಿ ಆದ ಮೇಲೆ ಲೇಸರ್ ಬೆಳಕು: ಮೊದಲ ವಾರ ಏನು ಮಾಡಬೇಕು, ಏನು ಬಿಡಬೇಕು

ಯಕ್ಷಗಾನದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಕಳೆದು ಮೇಳದವರು ಗೆಜ್ಜೆ ಬಿಚ್ಚಿದ ಮೇಲೆಯೇ ನಾನು ಬಾಯಿಯ ಕೆಲಸಕ್ಕೆ ಹೊರಟದ್ದು. ತಿರುಗಾಟ ಇರುವಾಗ ಪದ ಹಾಡುವ ಭಾಗವತನಾದವನು ಮೂರು ವಾರ ಬಾಯಿ ಮುಚ್ಚಿ ಕೂರಲು ಆಗುವುದಿಲ್ಲ. ಕೆಳಗಿನ ಎದುರು ಹಲ್ಲು ಎರಡರ ವಸಡು ಇಳಿದು ಬೇರು ಕಾಣುತ್ತಿತ್ತು. ತಣ್ಣೀರು ತಾಗಿದರೆ ಜುಂ ಅನ್ನುತ್ತಿತ್ತು. ಎಷ್ಟೋ ವರ್ಷ ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ ತಿಕ್ಕಿ ಉಜ್ಜಿದ್ದೇ ಅದಕ್ಕೆ ದೊಡ್ಡ ಕಾರಣ ಎಂದರು ಡಾಕ್ಟರು. ನಿದ್ದೆಗೆಡುವ ರಾತ್ರಿಗಳಲ್ಲಿ ಜಗಿದ ಎಲೆ ಅಡಿಕೆ ಕೂಡ ಬಾಯಿಗೆ ಒಳ್ಳೆಯದು ಮಾಡಿರಲಿಲ್ಲ. ಅದನ್ನು ಆಪರೇಶನ್‌ಗೆ ಒಂದು ತಿಂಗಳು ಮೊದಲೇ ಬಿಟ್ಟೆ.

ಮಾಡಿದ್ದು ವಸಡಿನ ಕಸಿ. ಮೇಲಿನ ಅಂಗುಳಿನ ಬದಿಯಿಂದ ಒಂದು ತೆಳು ತುಂಡು ತೆಗೆದು, ವಸಡು ಇಳಿದ ಜಾಗಕ್ಕೆ ಹೊಲಿಯುತ್ತಾರೆ. ಹಾಗಾಗಿ ಬಾಯಲ್ಲಿ ಗಾಯ ಎರಡು. ಹೊಲಿದ ಜಾಗ ಅಷ್ಟಾಗಿ ನೋಯುವುದಿಲ್ಲ. ತುಂಡು ತೆಗೆದ ಅಂಗುಳೇ ಜಾಸ್ತಿ ನೋಯುವುದು, ಯಾಕೆಂದರೆ ಅದು ತೆರೆದ ಗಾಯ. ಬದಿಯಿಂದ ಹೊಸ ಚರ್ಮ ಬೆಳೆದು ಬಂದು ತಾನಾಗಿಯೇ ಮುಚ್ಚಿಕೊಳ್ಳಬೇಕು. ಅದಕ್ಕೆ ಎರಡರಿಂದ ನಾಲ್ಕು ವಾರ ಬೇಕು. ಲೇಸರ್ ಬೆಳಕು ಕೊಡುವುದು ಮುಖ್ಯವಾಗಿ ಆ ಗಾಯಕ್ಕೆ.

ಈ ಲೇಸರ್ ಕೊಯ್ಯುವ ಲೇಸರ್ ಅಲ್ಲ

ನಮ್ಮ ಮದ್ದಳೆಗಾರರು ಕೇಳಿದ ಮೊದಲ ಪ್ರಶ್ನೆಯೇ "ಸುಡ್ಲಿಕ್ಕಿಲ್ವಾ ಮಾರಾಯ್ರೇ?" ಎಂದು. ಸುಡುವುದಿಲ್ಲ. ಇದರ ಶಕ್ತಿ ತುಂಬ ಕಡಿಮೆ, ಮಿಲಿವ್ಯಾಟ್ ಲೆಕ್ಕದ್ದು. 1967ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನ ಎಂಡ್ರೆ ಮೆಸ್ಟರ್ ಎಂಬ ವೈದ್ಯರು ಇಲಿಗಳ ಬೆನ್ನಿನ ಕೂದಲು ಬೋಳಿಸಿ ಕೆಂಪು ಲೇಸರ್ ಬಿಟ್ಟು ನೋಡಿದರು. ಅವರು ಪರೀಕ್ಷಿಸಲು ಹೊರಟದ್ದು ಇದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು. ಕ್ಯಾನ್ಸರ್ ಬರಲಿಲ್ಲ, ಬೆಳಕು ಬಿದ್ದ ಇಲಿಗಳಿಗೆ ಕೂದಲು ಬೇಗ ಬಂತು. ಅಲ್ಲಿಂದ ಶುರುವಾದ ವಿದ್ಯೆ ಇದು. ನಮ್ಮ ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಉಂಟಲ್ಲ, ಅದರಲ್ಲಿರುವ ಒಂದು ಕಿಣ್ವ ಕೆಂಪು ಮತ್ತು ಅದರಾಚೆಗಿನ ಕಾಣದ ಬೆಳಕನ್ನು ಹೀರಿಕೊಳ್ಳುತ್ತದೆ. ಆಗ ಕೋಶದ ಕೆಲಸ ಚುರುಕಾಗುತ್ತದೆ ಎಂಬುದು ಈಗಿನ ವಿವರಣೆ.

ಒಂದು ವಿಷಯ ಮನಸ್ಸಲ್ಲಿಡಿ. ಹಲ್ಲಿನ ಕ್ಲಿನಿಕ್‌ನಲ್ಲಿರುವ ಡಯೋಡ್ ಲೇಸರ್ ಯಂತ್ರ ಎಷ್ಟೋ ಸಲ ಒಂದೇ ಇರುತ್ತದೆ. ಅದೇ ಯಂತ್ರ ಒಂದೆರಡು ವ್ಯಾಟ್‌ಗೆ ಇಟ್ಟರೆ ವಸಡು ಕೊಯ್ಯುತ್ತದೆ, ಇಳಿಸಿ ಬೇರೆ ತಲೆ ಹಾಕಿದರೆ ಗಾಯಕ್ಕೆ ಬೆಳಕು ಕೊಡುತ್ತದೆ. ಅದಕ್ಕೇ ಅಳತೆ ಗೊತ್ತಿದ್ದವರ ಕೈಯಲ್ಲೇ ಇದು ಆಗಬೇಕು. ಅಂಗಡಿಯಲ್ಲಿ ಸಿಗುವ ಲೇಸರ್ ಪೆನ್ನು, ಆನ್‌ಲೈನ್‌ನಲ್ಲಿ ಬರುವ ಕೆಂಪು ದೀಪದ ಸಾಮಾನುಗಳನ್ನು ಹಸಿ ಗಾಯಕ್ಕೆ ಹಿಡಿಯಲು ಹೋಗಲೇಬೇಡಿ.

ಫಲದ ಬಗ್ಗೆ ನನ್ನ ಡಾಕ್ಟರು ಮೊದಲೇ ಸತ್ಯ ಹೇಳಿದರು. ಅಂಗುಳಿನ ಗಾಯ ಬೇಗ ಮುಚ್ಚಿದ್ದು, ನೋವು ಕಡಿಮೆಯಾದದ್ದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಇನ್ನು ಕೆಲವದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಕಸಿ ಹಿಡಿಯುವುದು ಹೊಲಿಗೆಯ ಕೈಯ ಮೇಲೆ ಮತ್ತು ನಾವು ಗಾಯವನ್ನು ನೋಡಿಕೊಳ್ಳುವ ರೀತಿಯ ಮೇಲೆ. ಬೆಳಕು ಅದಕ್ಕೆ ಜೊತೆ ಕೊಡುತ್ತದೆ, ಅಷ್ಟೇ. ಈ ಮಾತು ಕೇಳಿಯೇ ನಾನು ಅವರಲ್ಲಿ ಮಾಡಿಸಲು ಒಪ್ಪಿದ್ದು. ಅದಕ್ಕೂ ಮುಂಚೆ ವಿಚಾರಿಸಿದ ಒಂದು ಕಡೆ ದುಡ್ಡು ಎಷ್ಟು ಎಂದು ಹೇಳಿದರು, ಎಷ್ಟು ಬೆಳಕು ಕೊಡುತ್ತೀರಿ ಎಂದರೆ ಉತ್ತರ ಬರಲಿಲ್ಲ. ಅಲ್ಲಿಂದ ಎದ್ದು ಬಂದೆ.

ಹೋಗುವ ಮೊದಲು ಕೇಳಬೇಕಾದದ್ದು, ಹೇಳಬೇಕಾದದ್ದು

ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ. ನಾನು ಪ್ರಸಂಗದ ಪದ್ಯ ಬರೆದುಕೊಳ್ಳುವಂಥ ನೋಟ್‌ಬುಕ್ಕನ್ನೇ ಒಯ್ದೆ. ಅದರಲ್ಲಿ ಇಷ್ಟು ಬರೆಸಿಕೊಳ್ಳಿ: ಬೆಳಕು ಎಷ್ಟು ನ್ಯಾನೋಮೀಟರಿನದ್ದು, ಶಕ್ತಿ ಎಷ್ಟು, ಒಂದು ಜಾಗಕ್ಕೆ ಎಷ್ಟು ಸೆಕೆಂಡು, ಒಟ್ಟು ಎಷ್ಟು ಸಲ ಬರಬೇಕು. ನನ್ನದು 810 ನ್ಯಾನೋಮೀಟರ್, 100 ಮಿಲಿವ್ಯಾಟ್, ಒಂದು ಬಿಂದುವಿಗೆ 40 ಸೆಕೆಂಡು. ಲೆಕ್ಕ ಕಷ್ಟದ್ದೇನಲ್ಲ. 100 ಮಿಲಿವ್ಯಾಟ್ ಅಂದರೆ 0.1 ವ್ಯಾಟ್. ಅದನ್ನು 40 ಸೆಕೆಂಡಿಗೆ ಗುಣಿಸಿದರೆ 4 ಜೂಲ್. ಇದು ನನ್ನ ಲೆಕ್ಕ. ನಿಮ್ಮದು ಬೇರೆ ಇರಬಹುದು, ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಬರೆದಿಟ್ಟರೆ ಇನ್ನೊಬ್ಬ ಡಾಕ್ಟರು ನೋಡುವ ಸಂದರ್ಭ ಬಂದಾಗ ಅವರಿಗೆ ವಿಷಯ ಗೊತ್ತಾಗುತ್ತದೆ. ಮತ್ತೆ, ಜಾಸ್ತಿ ಬೆಳಕು ಕೊಟ್ಟರೆ ಜಾಸ್ತಿ ಗುಣ ಎಂದಲ್ಲ. ಅಳತೆ ಮೀರಿದರೆ ಪರಿಣಾಮ ಕುಗ್ಗುತ್ತದೆ. "ಇನ್ನೊಂದು ಸುತ್ತು ಕೊಡಿ" ಎಂದು ಒತ್ತಾಯ ಮಾಡಬೇಡಿ.

ನೀವು ಅವರಿಗೆ ಹೇಳಲೇಬೇಕಾದ್ದು ಕೆಲವು ಉಂಟು. ಬಾಯಲ್ಲಿ ಬಿಳಿ ಮಚ್ಚೆ, ಕೆಂಪು ಮಚ್ಚೆ, ವಾಸಿಯಾಗದ ಹುಣ್ಣು ಇದ್ದರೆ ಮೊದಲು ತೋರಿಸಿ. ನಮ್ಮ ಕಡೆ ಎಲೆ ಅಡಿಕೆ, ಹೊಗೆಸೊಪ್ಪು ಹಾಕುವವರು ತುಂಬ. ಕ್ಯಾನ್ಸರ್‌ನ ಸಂಶಯ ಇರುವ ಜಾಗಕ್ಕೆ ಈ ಬೆಳಕು ಕೊಡಬಾರದು. ಇದನ್ನು ಮುಚ್ಚಿಡಬೇಡಿ, ದಯವಿಟ್ಟು. ಗರ್ಭಿಣಿಯರು ಹೇಳಬೇಕು. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಹೆಸರು ಹೇಳಬೇಕು. ಮಳೆಗಾಲದಲ್ಲಿ ಗದ್ದೆ, ತೋಟದ ಕೆಲಸದವರಿಗೆ ಇಲಿಜ್ವರ ಬಾರದಿರಲು ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುವುದುಂಟು. ಅದು ಮೈಯನ್ನು ಬೆಳಕಿಗೆ ಸೂಕ್ಷ್ಮ ಮಾಡುವ ಔಷಧಿ. ಅದನ್ನೂ ಹೇಳಿ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆ ಇದ್ದರೆ ಆಪರೇಶನ್‌ಗೆ ಮುಂಚೆಯೇ ಹೇಳಿ.

ಕುರ್ಚಿಯಲ್ಲಿ ಕೂತ ಮೇಲೆ

ನನಗೆ ಆಪರೇಶನ್ ಆದದ್ದು ಒಂದು ಸೋಮವಾರ. ಹೊಲಿಗೆ ಮುಗಿದ ಕೂಡಲೇ ಮೊದಲ ಸಲ ಬೆಳಕು ಕೊಟ್ಟರು. ಆಮೇಲೆ ಬುಧವಾರ, ಶುಕ್ರವಾರ, ಮುಂದಿನ ಸೋಮವಾರ. ಮುಲ್ಕಿಯಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದ ತನಕ ಎಕ್ಸ್‌ಪ್ರೆಸ್ ಬಸ್ಸು, ಅಲ್ಲಿಂದ ಹಂಪನಕಟ್ಟೆಗೆ ನಡಿಗೆ. ಮೊದಲ ದಿನ ಮಾತ್ರ ಮಗಳು ಜೊತೆಗಿದ್ದಳು. ನೀವೂ ಆ ದಿನ ಒಬ್ಬರೇ ಹೋಗಬೇಡಿ. ಎಲ್ಲ ಸಲವೂ ಆ ಮೊದಲ ವಾರದೊಳಗೇ ಬರುವ ಹಾಗೆ ದಿನ ಗೊತ್ತು ಮಾಡಿಕೊಳ್ಳಿ. ಹೊಸ ಚರ್ಮ ಹರಡುವ ಕಾಲ ಅದು. ಗಾಯ ಮುಚ್ಚಿದ ಮೇಲೆ ಕೊಟ್ಟರೆ ಏನು ಪ್ರಯೋಜನ, ಅಲ್ವಾ?

ಎಲ್ಲಕ್ಕಿಂತ ಮೊದಲು ಕನ್ನಡಕ. ನಿಮಗೆ, ಡಾಕ್ಟರಿಗೆ, ಸಹಾಯಕಿಗೆ, ಮೂವರಿಗೂ. ಅದು ಆ ಬೆಳಕಿನ ನ್ಯಾನೋಮೀಟರಿಗೆ ಸರಿಯಾದ ಕನ್ನಡಕವೇ ಆಗಬೇಕು, ಬಿಸಿಲಿನ ಕಪ್ಪು ಕನ್ನಡಕ ಸಾಲದು. 810ರ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ. ನಾವು ನೋಡುವ ಕೆಂಪು ಚುಕ್ಕಿ ಬರೀ ಗುರಿ ತೋರಿಸುವ ದೀಪ. "ಇಷ್ಟು ಮಂಕು ಬೆಳಕು, ಎಂತ ಆಗ್ತದೆ" ಎಂದು ಕನ್ನಡಕ ತೆಗೆದು ನೋಡಬೇಡಿ.

ಅಂಗುಳಿನ ಗಾಯ ಮುಚ್ಚಲು ಪ್ಲೇಟ್ ಹಾಕಿದ್ದರೆ ಅದನ್ನು ತೆಗೆಯುತ್ತಾರೆ. ಗಾಯದ ಮೇಲಿನ ಎಂಜಲನ್ನು ಗಾಜ್ ಬಟ್ಟೆಯಲ್ಲಿ ಮೆಲ್ಲ ಒತ್ತಿ ಹೀರಿಸುತ್ತಾರೆ, ಉಜ್ಜುವುದಿಲ್ಲ. ಆಮೇಲೆ ಪೆನ್ನಿನಂಥ ಕೋಲನ್ನು ಗಾಯದ ಹತ್ತಿರ ಹಿಡಿಯುತ್ತಾರೆ. ನನಗೆ ಅಂಗುಳಲ್ಲಿ ಮೂರು ಬಿಂದು, ಹೊಲಿದ ಕಡೆ ಎರಡು. ಒಂದು ಬಿಂದುವಿಗೆ 40 ಸೆಕೆಂಡು ಎಂದ ಮೇಲೆ ಹೊದಿಸಿದ ಬಟ್ಟೆಯಡಿ ತೊಡೆಯ ಮೇಲೆ ಬೆರಳಿಟ್ಟು ವಿಳಂಬದಲ್ಲಿ ತಾಳ ಎಣಿಸಿದೆ. ಯಂತ್ರ ಬೀಪ್ ಅನ್ನುವುದಕ್ಕೂ ನನ್ನ ಎಣಿಕೆ ಮುಗಿಯುವುದಕ್ಕೂ ಮೂರನೇ ಬಿಂದುವಿನಲ್ಲಿ ಸರಿ ಹೊಂದಿತು. ಒಟ್ಟು 200 ಸೆಕೆಂಡು, ಮೂರು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಆ ಹೊತ್ತು ನಾಲಿಗೆ ಅಲ್ಲಾಡಿಸದೆ ಮೂಗಿನಲ್ಲಿ ಉಸಿರಾಡಬೇಕು. ನೋವಿಲ್ಲ, ಬಿಸಿಯಿಲ್ಲ. ಬಿಸಿ ಅನ್ನಿಸಿದರೆ ಕೈ ಎತ್ತಿ ತಿಳಿಸಿ, ಸುಮ್ನೆ ತಡೆದುಕೊಂಡು ಕೂರಬೇಡಿ.

ಬೆಳಕು ಮುಗಿದ ಮೇಲೆ ಮನೆಯಲ್ಲಿ

ನಿಜವಾದ ಕೆಲಸ ಇಲ್ಲಿ. ಮೊದಲ ದಿನ ಕೆನ್ನೆಯ ಹೊರಗಿನಿಂದ ಬಟ್ಟೆ ಸುತ್ತಿದ ಐಸು, ಹತ್ತು ನಿಮಿಷ ಇಡಿ, ಹತ್ತು ನಿಮಿಷ ಬಿಡಿ. ಬಾಯಿ ಮುಕ್ಕಳಿಸಬೇಡಿ, ಜೋರಾಗಿ ಉಗುಳಬೇಡಿ, ಬೊಂಡಕ್ಕೆ (ಎಳನೀರಿಗೆ) ಸ್ಟ್ರಾ ಹಾಕಿ ಎಳೆಯಬೇಡಿ. ಎಳೆದರೆ ಗಾಯದ ಮೇಲೆ ಕಟ್ಟಿದ ರಕ್ತ ಕಿತ್ತು ಬರುತ್ತದೆ. ಲೋಟಕ್ಕೆ ಬಗ್ಗಿಸಿ ಕುಡಿಯಿರಿ. ಎರಡನೇ ದಿನದಿಂದ ಡಾಕ್ಟರು ಹೇಳಿದ ಕ್ಲೋರ್‌ಹೆಕ್ಸಿಡಿನ್ ನೀರನ್ನು ಬಾಯಲ್ಲಿ ಇಟ್ಟುಕೊಂಡು ತಲೆ ಆಚೀಚೆ ವಾಲಿಸಿ, ಹಾಗೇ ಸಿಂಕಿಗೆ ಬೀಳಲು ಬಿಡಿ. ಹಲ್ಲು ಸ್ವಲ್ಪ ಕಂದು ಬಣ್ಣ ಆಗುತ್ತದೆ, ರುಚಿ ಕೆಡುತ್ತದೆ. ಎರಡೂ ಆಮೇಲೆ ಸರಿಯಾಗುತ್ತದೆ. ಉಳಿದ ಹಲ್ಲು ಉಜ್ಜಿ, ಕಸಿಯ ಕಡೆಗೆ ಬ್ರಷ್ ಒಯ್ಯಬೇಡಿ.

ತುಟಿ ಎಳೆದು ಕನ್ನಡಿಯಲ್ಲಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಎಳೆದರೆ ಹೊಲಿಗೆ ಜಗ್ಗುತ್ತದೆ. ಮೊದಲ ಕೆಲವು ದಿನ ಕಸಿ ಬಿಳಿಚಿಕೊಂಡು ಸತ್ತ ಹಾಗೆ ಕಾಣಬಹುದು, ಮೇಲ್ಪದರ ಉದುರಿ ಆಮೇಲೆ ಕೆಂಪಾಗುತ್ತದೆ. ಅಂಗುಳಿನ ಗಾಯದ ಮೇಲೆ ಹಳದಿ ಬಿಳಿ ಪೊರೆ ಬರುತ್ತದೆ. ಅದು ಕೀವಲ್ಲ. ಅದರ ಅಡಿಯಲ್ಲೇ ಹೊಸ ಚರ್ಮ ಬರುವುದು, ನಾಲಿಗೆಯಿಂದ ಕೆದಕಬೇಡಿ.

ಊಟ: ಕುಚ್ಚಲಕ್ಕಿ ಗಂಜಿಯನ್ನು ಮಿಕ್ಸಿಗೆ ಹಾಕಿ ತಣ್ಣಗೆ ಮಾಡಿ. ಅಗುಳು ಹಾಗೇ ಇದ್ದರೆ ಗಾಯಕ್ಕೆ ತಾಗುತ್ತದೆ. ರಾಗಿ ಮಣ್ಣಿ, ಹಿಸುಕಿದ ಬಾಳೆಹಣ್ಣು, ಮೆಣಸು ಹಾಕದ ತಿಮರೆ (ಒಂದೆಲಗ) ತಂಬುಳಿ ನನ್ನನ್ನು ಸಾಕಿದವು. ನಾಲ್ಕೈದು ದಿನದ ಮೇಲೆ ತೆಂಗಿನ ಹಾಲಲ್ಲಿ ನೆನೆಸಿದ ನೀರುದೋಸೆ. ಪುನರ್ಪುಳಿ ಸಾರು, ಉಪ್ಪಿನಕಾಯಿ, ಬಿಸಿ ಬಿಸಿ ಚಹಾ ಬೇಡ. ಕೋರಿ ರೊಟ್ಟಿ, ಮುಳ್ಳಿನ ಮೀನು ಮೂರು ವಾರ ದೂರ. ಹೊರಗೆ ಮಳೆ ಹೊಡೆಯುವಾಗ ಮನೆಯಲ್ಲಿ ಹಲಸಿನ ಹಪ್ಪಳ ಕಾಯಿಸಿದರೆ ನೀವು ಬೇರೆ ಕೋಣೆಗೆ ಹೋಗಿ ಕೂರುವುದೇ ವಾಸಿ.

ಈಗ ನನ್ನಿಂದಾದ ತಪ್ಪು. ಆರನೇ ದಿನ, ಶನಿವಾರ ಸಂಜೆ, ನೋವು ಹೆಚ್ಚುಕಡಿಮೆ ಇರಲಿಲ್ಲ. ಬೆಳಕಿನಿಂದ ಎಲ್ಲ ವಾಸಿಯಾಯಿತು ಎಂದುಕೊಂಡೆ. ಪ್ಲೇಟ್ ತೊಳೆಯಲು ತೆಗೆದಿಟ್ಟು, ಕಪ್ಪು ಎರಡರ ಶ್ರುತಿ ಹಾಕಿ, ಒಂದು ಪದ್ಯದ ಮೊದಲ ಸಾಲು ಬಾಯಿಬಿಟ್ಟು ಎತ್ತಿದೆ. ಟ, ಡ, ಣ, ಳ ಹೇಳುವಾಗ ನಾಲಿಗೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೀವೇ ಹೇಳಿ ನೋಡಿ. ನೇರ ಅಂಗುಳಿಗೆ, ಅದರ ಬದಿಯೂ ಮೇಲಿನ ಹಲ್ಲಿನ ಒಳಮೈಗೆ ಒತ್ತುತ್ತದೆ. ಎರಡನೇ ಸಾಲಿನ ಒಂದು 'ಳ'ಕಾರಕ್ಕೆ ಬಾಯಿ ತುಂಬ ಉಪ್ಪುಪ್ಪು ರುಚಿ ಬಂತು. ಕೈಗೆ ಉಗುಳಿ ನೋಡಿದರೆ ರಕ್ತ.

ಹಾಗಾದಾಗ ಮಾಡಬೇಕಾದ್ದು ಇದು. ಮುಕ್ಕಳಿಸಬೇಡಿ. ಶುದ್ಧ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ದಪ್ಪ ಮಡಚಿ, ಗಾಯದ ಮೇಲಿಟ್ಟು ಬೆರಳಿನಿಂದ ಒತ್ತಿ ಹಿಡಿಯಿರಿ. ತಲೆ ಎತ್ತರದಲ್ಲಿರಲಿ. ಗಡಿಯಾರ ನೋಡಿ 20 ನಿಮಿಷ, ನಡುವೆ ತೆಗೆದು ನೋಡಬಾರದು. ಗಾಜ್ ಇಲ್ಲದಿದ್ದರೆ ತಣ್ಣೀರಲ್ಲಿ ಅದ್ದಿದ ಟೀ ಬ್ಯಾಗ್ ಕೂಡ ಆಗುತ್ತದೆ. ನನಗೆ ನಿಂತಿತು. ನಿಲ್ಲದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ರಾತ್ರಿ ಎಂದು ನೋಡಬೇಡಿ. ಜ್ವರ ಬಂದರೆ, ಮೂರು ದಿನದ ಮೇಲೂ ಬಾವು ಏರುತ್ತಲೇ ಇದ್ದರೆ, ಕೆಟ್ಟ ವಾಸನೆಯ ಕೀವು ಬಂದರೆ, ಕಸಿಯ ತುಂಡೇ ಅಲ್ಲಾಡಿದರೆ ಕೂಡ ಹಾಗೆಯೇ.

ಸೋಮವಾರ ಡಾಕ್ಟರು ಬಾಯಿ ನೋಡಿದವರೇ ಕೇಳಿದರು, "ಭಾಗವತರೇ, ಪದ ಹೇಳಿದ್ರಾ?" ಒಪ್ಪಿಕೊಂಡೆ. "ನೋವು ಕಡಿಮೆ ಆಗಿದೆ ಅಂದ್ರೆ ಗಾಯ ಮುಚ್ಚಿದೆ ಅಂತಲ್ಲ. ಬೆಳಕು ಕೊಡೋದು ನಾನು, ಗಾಯವನ್ನು ಅದರಷ್ಟಕ್ಕೆ ಬಿಡಬೇಕಾದ್ದು ನೀವು" ಎಂದರು. ಅದನ್ನು ಪುಸ್ತಕದಲ್ಲಿ 4 ಜೂಲ್ ಎಂದು ಬರೆದ ಸಾಲಿನ ಕೆಳಗೇ ಬರೆದಿಟ್ಟೆ. ಹಾಡುವವರು, ಮೇಷ್ಟ್ರುಗಳು, ದಿನವಿಡೀ ಮಾತಾಡುವ ಕೆಲಸದವರು ಇದನ್ನು ನನ್ನಿಂದ ಕೇಳಿಸಿಕೊಳ್ಳಿ. ಮೊದಲ ವಾರ ಚೀಟಿಯಲ್ಲಿ ಬರೆದು ತೋರಿಸಿ. ತುಟಿ ಮುಚ್ಚಿ ಗುನುಗುವುದಕ್ಕೂ ಡಾಕ್ಟರನ್ನು ಕೇಳಿ.

ಹೊಲಿಗೆ ತೆಗೆದದ್ದು ಎರಡು ವಾರಕ್ಕೆ. ಮೂರನೇ ವಾರದ ಕೊನೆಗೆ ಅಂಗುಳು ಗುಲಾಬಿ ಬಣ್ಣಕ್ಕೆ ಬಂತು. ಆಗಲೂ ಮೊದಲ ದಿನ ಹತ್ತೇ ನಿಮಿಷ, ಕೆಳಗಿನ ಸ್ಥಾಯಿಯಲ್ಲಿ. ಆಟಿ ತಿಂಗಳ ತಾಳಮದ್ದಳೆಗೆ ಹೋಗುವಾಗ ಚೀಲದಲ್ಲಿ ಜಾಗಟೆಯ ಜೊತೆ ಮೆತ್ತನೆಯ ಬ್ರಷ್ ಇತ್ತು. ಕೆಳಗಿನ ಹಲ್ಲನ್ನು ವಸಡಿನಿಂದ ಮೇಲಕ್ಕೆ ಮೆಲ್ಲ ಹೊರಳಿಸಿ ಉಜ್ಜಬೇಕು, ಅಡ್ಡಡ್ಡ ತಿಕ್ಕಬಾರದು. ಹೇಗೆಂದು ಹೊಲಿಗೆ ತೆಗೆಯುವ ದಿನವೇ ಡಾಕ್ಟರ ಎದುರು ಕನ್ನಡಿ ಹಿಡಿದು ಒಮ್ಮೆ ಮಾಡಿ ತೋರಿಸಿಬಿಡಿ.