ವಿಳಾಸ ಸರಿ, ಆದ್ರೂ ಸ್ಕ್ರೀನಲ್ಲಿ ಎಂತದೂ ಇಲ್ಲ

ಮಂಗಳೂರು ಬಂದರಿನಲ್ಲಿ ನಮ್ಮ ಮಾವನದ್ದೊಂದು ಅಡಿಕೆ ಅಂಗಡಿ ಇತ್ತು, ಅಲ್ಲಿಯ ಬಿಲ್ಲಿಂಗ್ ಪ್ರೋಗ್ರಾಂ ಹಳೇ ಡಾಸ್ ಸಿಸ್ಟಮಿಗೆ ಅಂತ ಟರ್ಬೊ ಸಿ ಕಂಪೈಲರಿನಲ್ಲಿ ಬರೆದದ್ದು. ಪಾರ್ಟಿಗಳ ಲೆಕ್ಕ ಬೆಳೆದು ಬೆಳೆದು ಡಾಸ್ ಕೊಡುವ 640 ಕೆಬಿ ಮೆಮೊರಿ ಸಾಕಾಗ್ಲಿಲ್ಲ, ಮಾವ ನೋಡಿದ್ರೆ "ಹೊಸತೆಲ್ಲ ಬೇಡ ಮಾರಾಯ, ನಂಗೆ ಈ ನೀಲಿ ಸ್ಕ್ರೀನೇ ಆಗ್ಬೇಕು" ಅಂತ. ಹಾಗಾಗಿ ಅದೇ ಕೋಡನ್ನು ಡಿಜೆಜಿಪಿಪಿಗೆ ತಂದೆ, ಅದು ಡಾಸಿನಲ್ಲೇ ಹೆಚ್ಚು ಮೆಮೊರಿ ಬಳಸ್ಲಿಕ್ಕೆ ಬಿಡುವ 32 ಬಿಟ್ ಸಿ ಕಂಪೈಲರ್.

ಹಳೇ ಕೋಡು ಸ್ಕ್ರೀನಿನ ಅಕ್ಷರಗಳಿರುವ ಬಿ800 ಸೆಗ್ಮೆಂಟಿಗೆ (ಮೆಮೊರಿಯ ಒಂದು ತುಂಡು) ಫಾರ್ ಪಾಯಿಂಟರ್, ಅಂದ್ರೆ ಸೆಗ್ಮೆಂಟನ್ನೂ ಸೇರಿಸಿ ಹೇಳುವ ವಿಳಾಸ, ಹಾಕಿ ಸ್ಕ್ರೀನಿಗೆ ನೇರ ಬರೀತಿತ್ತು. ಡಿಜೆಜಿಪಿಪಿಯಲ್ಲಿ ಫಾರ್ ಅನ್ನುದೇ ಇಲ್ಲ. 32 ಬಿಟ್ ಅಲ್ವಾ, 16ರಿಂದ ಗುಣಿಸಿ ಹೆಕ್ಸಲ್ಲಿ ಬಿ8000 ಅಂತ ಮಾಮೂಲಿ ಪಾಯಿಂಟರಿಗೇ ಕೊಟ್ಟೆ. ಸಣ್ಣ ಟೆಸ್ಟ್ ಪ್ರೋಗ್ರಾಂ ರಿಜಿಸ್ಟರ್‌ಗಳನ್ನೆಲ್ಲ ಕಾರಿ ಸಿಗ್‌ಸೆಗ್ವಿ (ತನ್ನದಲ್ಲದ ಮೆಮೊರಿ ಮುಟ್ಟಿದ ಎರರ್) ಅಂತ ಸತ್ತಿತು. ತಮಾಷೆ ಎಂತ ಅಂದ್ರೆ ದೊಡ್ಡ ಬಿಲ್ಲಿಂಗ್ ಪ್ರೋಗ್ರಾಂ ಸಾಯ್ಲೇ ಇಲ್ಲ! ಸ್ಕ್ರೀನಲ್ಲೂ ಏನೂ ಬರ್ಲಿಲ್ಲ, ಬದಲಿಗೆ ಯಾರ್ಯಾರದ್ದೋ ಬಾಕಿ ಮೊತ್ತ ಕೆಟ್ಟು ಕೂತಿತ್ತು, ನಾನು ಎರಡು ದಿನ ಲೆಕ್ಕದ ಕೋಡಲ್ಲೇ ತಪ್ಪು ಹುಡುಕ್ತಾ ಇದ್ದೆ.

ಆದದ್ದು ಇಷ್ಟೇ: ಡಿಜೆಜಿಪಿಪಿ ಪ್ರೋಗ್ರಾಂ ಓಡುವ ಪ್ರೊಟೆಕ್ಟೆಡ್ ಮೋಡಲ್ಲಿ (ಪ್ರತಿ ಸೆಗ್ಮೆಂಟಿಗೂ ಬೇಸ್, ಲಿಮಿಟ್ ಇಟ್ಟು ಪ್ರೊಸೆಸರ್ ಕಾಯುವ ಮೋಡ್) ನಮ್ಮ ಪಾಯಿಂಟರ್ ಎಣಿಸುದು ಮೆಷಿನಿನ ಸೊನ್ನೆಯಿಂದ ಅಲ್ಲ, ನಮ್ಮದೇ ಡೇಟಾ ಸೆಗ್ಮೆಂಟಿನ ಬೇಸಿನಿಂದ. ಬಿ8000 ಅಂದ್ರೆ 736 ಕೆಬಿ ದೂರ. ಸಣ್ಣ ಪ್ರೋಗ್ರಾಮಿಗೆ ಅದು ಲಿಮಿಟಿನ ಆಚೆ, ದೊಡ್ಡದಕ್ಕೆ ಅಲ್ಲಿವರೆಗೂ ಮಾಲಕ್ ಮಾಡಿ (ಓಡುವಾಗ ಕೇಳಿ) ಪಡೆದ ಸ್ವಂತ ಮೆಮೊರಿ, ಅಂದ್ರೆ ಮಾವನ ಲೆಡ್ಜರ್.

ಡಾಸಿನ ಮೊದಲ 1 ಎಂಬಿಗೆ ಬೇರೆಯೇ ಸೆಲೆಕ್ಟರ್ (ಸೆಗ್ಮೆಂಟನ್ನು ಆರಿಸುವ ನಂಬರ್) ಉಂಟು, _ಡಾಸ್_ಡಿಎಸ್ ಅಂತ, ಅದರ ಬೇಸ್ ಸೊನ್ನೆ. ಮೊದಲು ಆ ಸೆಲೆಕ್ಟರಿನ ಮೂಲಕ ಬರೆಯುವ ಫಾರ್‌ಪೋಕ್ ಹಾಕಿ ಒಂದೊಂದೇ ಅಕ್ಷರ ಬರೆದು ನೋಡಿದೆ, ನೀಲಿ ಸ್ಕ್ರೀನಿಗೆ ಜೀವ ಬಂತು. ಆಮೇಲೆ 80 ಕಾಲಂ, 25 ಸಾಲು, ಅಕ್ಷರಕ್ಕೆ 2 ಬೈಟ್, ಒಟ್ಟು 4000 ಬೈಟಿನ ಬಫರಿನಲ್ಲಿ ಇಡೀ ಸ್ಕ್ರೀನ್ ರೆಡಿ ಮಾಡಿ ಡಾಸ್‌ಮೆಮ್‌ಪುಟ್‌ನಿಂದ ಒಮ್ಮೆಲೇ ಕಳ್ಸಿದೆ, ಅದೇ ಚಂದ. ಬಯೋಸ್ ಟಿಕ್ (ಮೆಷಿನಿನ ಗಡಿಯಾರದ ಎಣಿಕೆ) ಓದ್ಲಿಕ್ಕೆ ಹೆಕ್ಸ್ 46ಸಿ ವಿಳಾಸಕ್ಕೆ ಫಾರ್‌ಪೀಕ್ ಸಾಕಾಯ್ತು. ನಿಯರ್ ಪಾಯಿಂಟರ್ ಎನೇಬಲ್ ಮಾಡಿ ಸೆಗ್ಮೆಂಟಿನ ಲಿಮಿಟ್ ತೆಗೆದ್ರೆ ಹಳೇ ಕೋಡು ಹೆಚ್ಚುಕಮ್ಮಿ ಹಾಗೇ ಓಡ್ತಿತ್ತು, ಆದ್ರೆ ರಕ್ಷಣೆ ಹೋಗಿ ದಾರಿ ತಪ್ಪಿದ ಪಾಯಿಂಟರ್ ಡಾಸನ್ನೇ ತಿಂದು ಹಾಕ್ಬಹುದು, ಮಾಲಕ್ ಆದ್ಮೇಲೆ ಬೇಸೂ ಸರಿದಿರ್ಬಹುದು. ಎರಡು ದಿನ ಪಟ್ಟ ಪಾಡೇ ಸಾಕಿತ್ತು ನಂಗೆ, ಅದರ ಸುದ್ದಿಗೆ ಹೋಗ್ಲಿಲ್ಲ.

ಅಂಗಡಿಯ ಮೆಷಿನಿಗೆ ಹಾಕಿದ್ರೆ ಡಿಪಿಎಂಐ, ಅಂದ್ರೆ ಡಾಸಲ್ಲಿ ಪ್ರೊಟೆಕ್ಟೆಡ್ ಮೋಡಿಗೆ ದಾರಿ ಕೊಡುವ ಸೇವೆ, ಇಲ್ಲ ಅಂತ ಎರರ್. ಸುರತ್ಕಲ್ ಮನೆಯ ವಿಂಡೋಸ್ 98ರಲ್ಲಿ ಅದು ಒಳಗೇ ಇತ್ತು, ಅಂಗಡಿಯದ್ದು ಬರೀ ಡಾಸ್. ಜಡಿ ಮಳೆಯಲ್ಲಿ ಸುರತ್ಕಲ್‌ಗೆ ವಾಪಸ್ ಹೋಗಿ ಆ ಸೇವೆ ಕೊಡುವ ಸಿಡಬ್ಲ್ಯುಎಸ್‌ಡಿಪಿಎಂಐ ಫೈಲನ್ನು ಫ್ಲಾಪಿಯಲ್ಲಿ ತಂದೆ, ಅಷ್ಟರಲ್ಲಿ ಬಂದರಲ್ಲಿ ಕರೆಂಟ್ ಹೋಗಿತ್ತು.