ಊರಿನ ತೋಟ, ಮುಂಬೈ ಫ್ಲ್ಯಾಟ್: ವೀಲುನಾಮೆ ಒಂದೇ ಇರಲಿ

ದೀಪಾವಳಿಗೆ ಊರಿಗೆ ಬಂದು, ಮೇ ಕೊನೆಗೆ ಬರುವ ತುಳುವರ ಪತ್ತನಾಜೆ ಕಳೆದ ಮೇಲೆ ಮುಂಬೈ ರೈಲು ಹತ್ತುವ ನಿವೃತ್ತರು ಉಡುಪಿ, ದಕ್ಷಿಣ ಕನ್ನಡದಲ್ಲಿ ಬೇಕಾದಷ್ಟಿದ್ದಾರೆ. ಅಲ್ಲೊಂದು ಫ್ಲ್ಯಾಟ್, ಇಲ್ಲೊಂದು ಮನೆ, ಒಂದಿಷ್ಟು ತೋಟ. ವೀಲುನಾಮೆ ಬರೆಯಲು ಹೊರಟಾಗ ಹೆಚ್ಚಿನವರು ಎಡವುವುದು ಮಾತ್ರ ಒಂದೇ ಕಲ್ಲಿಗೆ.

ಮೊದಲು ಕಾಗದಗಳನ್ನು ಒಟ್ಟುಮಾಡಿ: ಪಹಣಿ, ಮನೆಯ ಖಾತೆ, ಫ್ಲ್ಯಾಟಿನ ಹೌಸಿಂಗ್ ಸೊಸೈಟಿಯ ಷೇರು ಸರ್ಟಿಫಿಕೇಟ್, ಪಾಸ್‌ಬುಕ್. ಒಂದು ಮಧ್ಯಾಹ್ನದ ಕೆಲಸ. ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದ್ದರೆ ನೀವು ಬರೆದುಕೊಡಬಹುದಾದದ್ದು ನಿಮ್ಮ ಪಾಲನ್ನು ಮಾತ್ರ. ‘ಇಷ್ಟು ವರ್ಷ ತೀರ್ವೆ ಕಟ್ಟಿದ್ದು ನಾನೇ’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಆ ಕಲ್ಲು. ನಮ್ಮ ಸಂಬಂಧಿಕರೊಬ್ಬರು ತೋಟವನ್ನು ಮಗಳಿಗೆ ಬರೆದು ಊರಿನಲ್ಲೇ ರಿಜಿಸ್ಟರ್ ಮಾಡಿಸಿದ್ದರು. ಕೆಲವು ವರ್ಷಗಳ ನಂತರ ಫ್ಲ್ಯಾಟಿಗೆಂದು ಮುಂಬೈಯಲ್ಲಿ ಇನ್ನೊಂದು ಬರೆಸಿದರು. ಟೈಪ್ ಮಾಡಿದವನು ರೂಢಿಯಂತೆ ‘ಈ ಹಿಂದೆ ಬರೆದ ಎಲ್ಲ ವೀಲುನಾಮೆಗಳನ್ನು ರದ್ದುಪಡಿಸಿದ್ದೇನೆ’ ಎಂಬ ಸಾಲನ್ನು ಮೇಲೆಯೇ ಹಾಕಿದ. ಇವರು ಓದದೆ ಸಹಿ ಮಾಡಿದರು. ತೋಟಕ್ಕೆ ವೀಲುನಾಮೆಯೇ ಇಲ್ಲವೆಂದಾಯಿತು. ಮೊದಲಿನದು ರಿಜಿಸ್ಟರ್ ಆಗಿತ್ತಲ್ಲ ಎಂದು ಮಗಳು ಕೇಳಿದಳು. ಆಗಿದ್ದರೂ ಅಷ್ಟೇ, ರಿಜಿಸ್ಟರ್ ಆಗದ ಹೊಸದು ಕೂಡ ಹಳೆಯದನ್ನು ಅಳಿಸಬಲ್ಲದು.

ಆದ್ದರಿಂದ ಎರಡೂ ರಾಜ್ಯದ ಆಸ್ತಿಗೆ ಒಂದೇ ವೀಲುನಾಮೆ, ಅದರೊಳಗೆ ಎರಡು ಷೆಡ್ಯೂಲ್, ಅಂದರೆ ಆಸ್ತಿಯ ಪಟ್ಟಿ. ‘ಊರಿನ ಮನೆ’ ಎಂದರೆ ಸಾಲದು: ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ, ಬಾವಿ, ದಾರಿಯ ಹಕ್ಕು ಎಲ್ಲ ಬರಬೇಕು. ಫ್ಲ್ಯಾಟಿಗೆ ಕಟ್ಟಡದ ಹೆಸರು, ಫ್ಲ್ಯಾಟ್ ನಂಬರ್, ಸೊಸೈಟಿಯ ನೋಂದಣಿ ಸಂಖ್ಯೆ, ಷೇರು ಸರ್ಟಿಫಿಕೇಟಿನ ಸಂಖ್ಯೆ. ಪಹಣಿಯಲ್ಲಿ ‘ಕೃಷ್ಣಯ್ಯ ಬಿನ್ ಸುಬ್ಬಯ್ಯ’ ಆಗಿರುವವರು ಮುಂಬೈಯಲ್ಲಿ ‘ಕೆ. ಎಸ್. ರಾವ್’ ಆಗಿರುತ್ತಾರೆ, ಇಬ್ಬರೂ ಒಬ್ಬನೇ ಎಂದು ಸ್ಪಷ್ಟವಾಗಿ ಬರೆಯಿರಿ. ಕೊನೆಗೆ, ಇಲ್ಲಿ ಹೆಸರಿಸದ ಉಳಿದ ಆಸ್ತಿ ಯಾರಿಗೆ ಎಂಬುದಕ್ಕೂ ಒಂದು ಸಾಲು ಬೇಕು.

ಫ್ಲ್ಯಾಟಿಗೆ ನಾಮಿನಿ ಇದ್ದಾರೆ, ಸಾಕು ಎನ್ನುವವರಿದ್ದಾರೆ. ಸಾಲದು. ನಾಮಿನಿ ವಾರಸುದಾರರ ಪರವಾಗಿ ಹಿಡಿದುಕೊಳ್ಳುವವನೇ ಹೊರತು ಒಡೆಯನಲ್ಲ. ಕಂಪನಿ ಷೇರುಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಇದನ್ನೇ.

ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಅಂತರ್ಜಾಲದಲ್ಲಿ ಸಿಗುವ ಹದಿನೈದು ಪುಟದ ಸಿದ್ಧ ನಮೂನೆಗಳನ್ನು ದೂರವಿಡಿ. ರದ್ದತಿಯ ಆ ಸಾಲು ಅವುಗಳಲ್ಲೂ ಇರುತ್ತದೆ. ಗಂಡ ಹೆಂಡತಿ ಸೇರಿ ಒಂದೇ ವೀಲುನಾಮೆ ಬರೆಯುವುದೂ ಬೇಡ. ನಿಮಗೆ ಕನ್ನಡವೇ ಸಲೀಸಾದರೆ ಕನ್ನಡದಲ್ಲೇ ಬರೆಯಿರಿ. ಮುಂಬೈಗೆ ಅನುವಾದ ಮಾಡಿಸಿದರಾಯಿತು.

ಸಾಕ್ಷಿಗಳು ಇಬ್ಬರು. ಅವರು ಒಳಗಿನ ವಿಷಯ ಓದಬೇಕಿಲ್ಲ. ನೀವು ಸಹಿ ಹಾಕುವುದನ್ನು ನೋಡಿ, ನಿಮ್ಮೆದುರೇ ಅವರೂ ಸಹಿ ಹಾಕಲಿ. ಎಂಬತ್ತು ದಾಟಿದ ಹಿರಿಯರನ್ನು ಗೌರವಕ್ಕೆಂದು ಕರೆಯಬೇಡಿ. ಮುಂದೆ ಜಗಳವಾದರೆ ಸಾಕ್ಷಿಯಲ್ಲೊಬ್ಬರಾದರೂ ಕೋರ್ಟಿಗೆ ಬರಬೇಕಾಗುತ್ತದೆ. ನಿಮಗಿಂತ ಕಿರಿಯರಾದ, ಊರು ಬಿಟ್ಟುಹೋಗದ ಡಾಕ್ಟರು, ಮೇಷ್ಟ್ರು ಒಳ್ಳೆಯದು. ಪಾಲು ಪಡೆಯುವವರು ಬೇಡವೇ ಬೇಡ. ಕ್ರೈಸ್ತರಲ್ಲಂತೂ ಸಾಕ್ಷಿಗೆ ಬರೆದ ಪಾಲೇ ಅಸಿಂಧು. ಮುಸ್ಲಿಮರಿಗೆ ಲೆಕ್ಕವೇ ಬೇರೆ: ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ಮುಂಬೈ ಆಸ್ತಿಗೆ ಪ್ರೊಬೇಟ್ (ವೀಲುನಾಮೆಗೆ ಕೋರ್ಟಿನ ದೃಢೀಕರಣ) ಕಡ್ಡಾಯವೆಂಬ ಹಳೆಯ ನಿಯಮವನ್ನು ಸಂಸತ್ತು 2025ರ ಡಿಸೆಂಬರ್‌ನಲ್ಲಿ ತೆಗೆದುಹಾಕಿದೆ. ಇನ್ನೂ ಅದನ್ನೇ ಹೇಳಿ ಹೆದರಿಸುವ ದಲ್ಲಾಳಿಗಳಿಗೆ ಕಿವಿಗೊಡಬೇಡಿ.

ಮೂಲಪ್ರತಿಯನ್ನು ನಿಮ್ಮೊಬ್ಬರದೇ ಹೆಸರಿನ ಲಾಕರಿನಲ್ಲಿಟ್ಟು ರೈಲು ಹತ್ತಬೇಡಿ. ಎಕ್ಸಿಕ್ಯೂಟರ್, ಅಂದರೆ ವೀಲುನಾಮೆಯನ್ನು ಜಾರಿಗೆ ತರುವವರಾಗಿ ಯಾರ ಹೆಸರು ಬರೆದಿದ್ದೀರೋ ಅವರ ಕೈಗೆ ಕೊಡಿ, ನಕಲೊಂದು ಮುಂಬೈಯ ಕಪಾಟಿನಲ್ಲಿರಲಿ.