ಜುಲೈನಲ್ಲಿ ಊರು ನೋಡಿ, ಏಪ್ರಿಲ್‌ನಲ್ಲಿ ಸಾಮಾನು ಸಾಗಿಸಿ: ಬೆಂಗಳೂರು ಬಿಟ್ಟು ಶಿರಸಿಗೆ ಬಂದ ನಮ್ಮ ಅನುಭವ

ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು ಬಿಡಬೇಕು ಅಂತಿರುವವರು ನನ್ನನ್ನು ಮೊದಲು ಕೇಳುವುದು ಎರಡೇ. ಬಾಡಿಗೆ ಎಷ್ಟು? ಇಂಟರ್ನೆಟ್ ಹೇಗೆ? ಎರಡೂ ಕೇಳಬೇಕಾದ ಪ್ರಶ್ನೆಗಳೇ, ಮುಂದೆ ಹೇಳುತ್ತೇನೆ. ಆದರೆ ಶಿರಸಿಯಲ್ಲಿ ನೆಲೆನಿಂತ ಮೇಲೆ ನನಗೆ ಖಾತ್ರಿಯಾಗಿರುವುದು ಬೇರೆ ಸಂಗತಿ. ಇಲ್ಲಿ ದಿನ ಸಾಗುವುದು ಪರಿಚಯದ ಮೇಲೆ. ಬೆಂಗಳೂರಿನಲ್ಲಿ ಫೋನ್ ಒತ್ತಿ ತರಿಸುತ್ತಿದ್ದ ಪ್ಲಂಬರ್, ಮಗು ನೋಡಿಕೊಳ್ಳುವವರು, ರಾತ್ರಿ ಹೊತ್ತಿನ ಔಷಧಿ, ಇವೆಲ್ಲ ಇಲ್ಲಿಯೂ ಸಿಗುತ್ತವೆ, ಆದರೆ ನೀವು ಯಾರು ಅಂತ ನಾಲ್ಕು ಜನಕ್ಕೆ ಗೊತ್ತಿದ್ದರೆ ಮಾತ್ರ. ಹಾಗಾಗಿ ಸೋಫಾ, ಫ್ರಿಜ್ ಸಾಗಿಸುವ ಮೊದಲು ಪರಿಚಯ ಮಾಡಿಕೊಳ್ಳಬೇಕು. ನಾವು ಮಾಡಿದ್ದು ಅದನ್ನೇ.

ನಾನು ತುಮಕೂರಿನವಳು, ನನ್ನ ಗಂಡ ದಾವಣಗೆರೆ ಕಡೆಯವರು. ಶಿರಸಿಯಲ್ಲಿ ನಮಗೆ ನೆಂಟರಿಲ್ಲ, ತೋಟವಿಲ್ಲ, ಹಳೆ ಮನೆಯಿಲ್ಲ. ವಾಪಸ್ ಊರಿಗೆ ಬರುವವರ ಕಥೆ ಬೇರೆ, ಅವರಿಗೆ ಕಾಯುವವರು ಇರುತ್ತಾರೆ. ಏನೂ ಬೇರಿಲ್ಲದೆ ಬಂದವರು ಹೇಗೆ ನೆಲೆಯಾಗಬಹುದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿಟ್ಟು ಬರಲು ಕಾರಣ ದೊಡ್ಡದೇನಲ್ಲ. ಮಗಳು ಎಲ್‌ಕೆಜಿಗೆ ಹೋಗಲು ಬೆಳಿಗ್ಗೆ ಏಳಕ್ಕೇ ವ್ಯಾನ್ ಹತ್ತುತ್ತಿದ್ದಳು, ಮಗನನ್ನು ಡೇ ಕೇರ್‌ನಿಂದ ಕರೆತರುವಷ್ಟರಲ್ಲಿ ಅವನಿಗೆ ನಿದ್ದೆ ಬಂದಿರುತ್ತಿತ್ತು. ಮಕ್ಕಳು ಎಚ್ಚರವಿರುವ ಹೊತ್ತಿನಲ್ಲಿ ನಾವು ಮನೆಯಲ್ಲಿ ಇರಬೇಕು, ಅಷ್ಟೇ ನಮ್ಮ ಆಸೆ. ಶಾಲೆ, ಮಕ್ಕಳ ಡಾಕ್ಟರು, ಪೇಟೆ ಮೂರೂ ನಡೆದು ಹೋಗುವಷ್ಟು ದೂರದಲ್ಲಿರುವ ಊರು ಹುಡುಕಿದೆವು. ಬೆಂಗಳೂರಿನಿಂದ ಸುಮಾರು 400 ಕಿಲೋಮೀಟರ್ ದೂರದ ಶಿರಸಿ ಹಾಗೆ ಸಿಕ್ಕಿತು. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಇಲ್ಲಿರಬಹುದು.

ಎಲ್ಲರೂ ಮಲೆನಾಡು ನೋಡಲು ಡಿಸೆಂಬರ್‌ನಲ್ಲಿ ಬರುತ್ತಾರೆ. ಆಗ ಊರು ಚೆಂದ ಇರುತ್ತದೆ, ಸಹಸ್ರಲಿಂಗ, ಬನವಾಸಿ ಸುತ್ತಿ ಇಲ್ಲೇ ಇದ್ದುಬಿಡೋಣ ಅನ್ನಿಸುತ್ತದೆ. ನಾವು ಬೇಕೆಂದೇ ಜುಲೈ ಆರಿಸಿಕೊಂಡೆವು. ಮರಾಠಿಕೊಪ್ಪದ ಹತ್ತಿರ ಒಂದು ತಿಂಗಳ ಮಟ್ಟಿಗೆ ಮಹಡಿ ಮನೆ ಹಿಡಿದು, ಇಬ್ಬರೂ ಮನೆಯಿಂದಲೇ ಕೆಲಸ ಮಾಡುತ್ತಾ, ಮಕ್ಕಳನ್ನು ಇಟ್ಟುಕೊಂಡು ಮಳೆಯಲ್ಲೇ ಇದ್ದೆವು. ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆಯಾದರೆ ಇಲ್ಲಿ ಸುಮಾರು 2,500. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಬಟ್ಟೆ ಒಣಗುವುದಿಲ್ಲ. ಚಪ್ಪಲಿ, ಚೀಲ, ಪುಸ್ತಕಕ್ಕೆಲ್ಲ ಬೂಷ್ಟು ಹಿಡಿಯುತ್ತದೆ. ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು, ಎಲ್ಲೋ ಕಾಡಿನ ದಾರಿಯಲ್ಲಿ ಮರ ಬಿದ್ದಿರುತ್ತದೆ, ಲೈನ್‌ಮನ್‌ಗಳು ಆ ಮಳೆಯಲ್ಲೇ ಹೋಗಿ ಸರಿ ಮಾಡಬೇಕು. ಮಳೆ ಜಾಸ್ತಿಯಾದರೆ ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಕೊಡುತ್ತಾರೆ, ಆಗ ಮಕ್ಕಳು ದಿನವಿಡೀ ಮನೆಯೊಳಗೆ.

ಇಷ್ಟೆಲ್ಲ ಇದ್ದೂ ಮಗಳು ಕೊಡೆ ಹಿಡಿದು ಅಂಗಳ ಬಿಟ್ಟು ಬರಲಿಲ್ಲ. ಪಕ್ಕದ ಮನೆಯ ಅಮ್ಮ ನಮ್ಮ ಒದ್ದೆ ಬಟ್ಟೆ ನೋಡಿ, "ತಂಗಿ, ಇಲ್ಲಿ ಕೊಡು, ನಮ್ಮ ಬಚ್ಚಲ ಒಲೆ ಹತ್ರ ಹಾಕ್ತೆ" ಅಂದರು. ಸಂಜೆ ಬಟ್ಟೆ ತರಲು ಹೋದರೆ "ಆಸರಿಗೆ ಎಂತ ಬೇಕು?" ಅಂತ, ಅಂದರೆ ಕುಡಿಯಲು ಏನು ಬೇಕು ಅಂತ ಕೇಳಿ, ಕೂರಿಸಿ ಬಿಸಿ ಕಷಾಯ ಕೊಟ್ಟರು. ನಮ್ಮ ಪರಿಚಯ ಶುರುವಾದದ್ದು ಅಲ್ಲಿಂದ. ಹಾಲಿನವರು, ಗ್ಯಾಸ್ ಸ್ಟವ್ ರಿಪೇರಿಯವರು, ಕೊನೆಗೆ ನಾವು ಈಗ ಇರುವ ಮನೆ, ಎಲ್ಲವೂ ಸಿಕ್ಕಿದ್ದು ಅವರ ಮೂಲಕವೇ. ಬ್ರೋಕರ್ ತೋರಿಸಿದ ಮನೆಗಳಿಗಿಂತ ಅವರು ಹೇಳಿ ಕಳಿಸಿದ ಮನೆಗಳು ಚೆನ್ನಾಗಿದ್ದವು. ಯಾಕೆಂದರೆ ಇಲ್ಲಿನ ಎಷ್ಟೋ ಒಳ್ಳೆಯ ಮನೆಗಳ ಮುಂದೆ ಬಾಡಿಗೆಗಿದೆ ಅನ್ನೋ ಬೋರ್ಡೇ ಇರುವುದಿಲ್ಲ. ಮಾಲೀಕರು ಗೊತ್ತಿರುವವರಿಗೆ ಮಾತ್ರ ಕೊಡುತ್ತಾರೆ.

ಮನೆ ನೋಡುವಾಗ ಬೆಂಗಳೂರಿನ ಪ್ರಶ್ನೆಗಳನ್ನು ಬದಿಗಿಡಿ. ಮೊದಲು ಮನೆ ಹಿಂದೆ ಹೋಗಿ ನೋಡಿ. ಗುಡ್ಡ ಕಡಿದು ಸಮತಟ್ಟು ಮಾಡಿದ ಜಾಗವಾದರೆ ಹಿಂದೆ ಎತ್ತರದ ಧರೆ ಇರುತ್ತದೆ. ಅದು ಕುಸಿಯದಂತೆ ಕಲ್ಲು ಕಟ್ಟಿದ್ದಾರಾ, ನೀರು ಹರಿದು ಹೋಗಲು ಚರಂಡಿ ಇದೆಯಾ ನೋಡಲೇಬೇಕು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಜನ ತೀರಿಕೊಂಡರಲ್ಲ, ಆ ಮೇಲಂತೂ ಈ ಜಿಲ್ಲೆಯಲ್ಲಿ ಧರೆ ಪಕ್ಕದ ಮನೆಯನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಎರಡನೆಯದು ನೀರು. ಇಷ್ಟು ಮಳೆ ಬೀಳುವ ಊರಲ್ಲಿ ನೀರಿನ ಚಿಂತೆ ಯಾಕೆ ಅನ್ನಿಸಬಹುದು ಅಲ್ವಾ? ಬಿದ್ದದ್ದೆಲ್ಲ ಇಳಿಜಾರಿನಲ್ಲಿ ಹರಿದು ಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಬಾವಿ ಬೇಸಿಗೆಯಲ್ಲಿ ಬತ್ತುತ್ತದಾ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಇಂಟರ್ನೆಟ್ ವಿಷಯ. ಪೇಟೆಯೊಳಗೆ ಫೈಬರ್ ಚೆನ್ನಾಗಿಯೇ ಇದೆ. ಪೇಟೆಯಿಂದ ಐದಾರು ಕಿಲೋಮೀಟರ್ ಆಚೆ ಹಳ್ಳಿಗೆ ಹೋದರೆ ಆ ಭರವಸೆ ಇಲ್ಲ, ಕೆಲವು ಮನೆಗಳಲ್ಲಿ ಫೋನ್ ಮಾತಾಡಲು ಗುಡ್ಡ ಹತ್ತಬೇಕು. ತೋಟದ ನಡುವಿನ ಹಂಚಿನ ಮನೆ ಎಷ್ಟೇ ಮನಸ್ಸು ಸೆಳೆದರೂ ನಾವು ಪೇಟೆ ಬಿಟ್ಟು ಆಚೆ ಹೋಗದ್ದು ಅದಕ್ಕೇ. ಎರಡು ಬೇರೆ ಕಂಪನಿಗಳ ಸಂಪರ್ಕ, ಒಂದು ದೊಡ್ಡ ಇನ್ವರ್ಟರ್. ಇದು ಖರ್ಚಲ್ಲ, ನಿಮ್ಮ ಸಂಬಳ ಕಾಯುವ ವ್ಯವಸ್ಥೆ ಅಂದುಕೊಳ್ಳಿ.

ಈಗ ಡಾಕ್ಟರು. ಇದನ್ನು ಯಾರೂ ಮುಚ್ಚಿಡಬಾರದು. ಉತ್ತರ ಕನ್ನಡದಲ್ಲಿ ದೊಡ್ಡ ಕಾಯಿಲೆ, ದೊಡ್ಡ ಅಪಘಾತ ಅಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾಕ್ಕೆ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಜಿಲ್ಲೆ ದನಿ ಎತ್ತಿತ್ತು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ನಮ್ಮ ಮಗನಿಗೆ ಚಳಿ, ಶೀತಕ್ಕೆ ಉಬ್ಬಸ ಬರುತ್ತದೆ. ಹಾಗಾಗಿ ಆ ಜುಲೈನಲ್ಲೇ ಇಲ್ಲಿನ ಮಕ್ಕಳ ಡಾಕ್ಟರನ್ನು ಕಂಡು, ಹಳೆಯ ಚೀಟಿಗಳನ್ನೆಲ್ಲ ತೋರಿಸಿ, ಈ ಹವೆ ಇವನಿಗೆ ಆಗುತ್ತದಾ ಅಂತ ಕೇಳಿದೆವು. ಬೂಷ್ಟಿಲ್ಲದ, ಗಾಳಿ ಬೆಳಕಿನ ಮನೆ ಹಿಡಿಯಿರಿ, ನೆಬ್ಯುಲೈಸರ್ ಮನೆಯಲ್ಲೇ ಇರಲಿ, ಯಾವ ಹಂತದಲ್ಲಿ ಹುಬ್ಬಳ್ಳಿಗೆ ಹೊರಡಬೇಕು ಅಂತ ನಾನು ಬರೆದುಕೊಡುತ್ತೇನೆ ಅಂದರು. ಆ ಚೀಟಿ ನಮ್ಮ ಫ್ರಿಜ್ ಮೇಲಿದೆ. ಮನೆಯಲ್ಲಿ ಹೃದಯದ ಕಾಯಿಲೆ, ಡಯಾಲಿಸಿಸ್, ಪದೇ ಪದೇ ತಜ್ಞರನ್ನು ಕಾಣಬೇಕಾದ ಮಗು ಇದ್ದರೆ ದಯವಿಟ್ಟು ಎರಡು ಸಲ ಯೋಚಿಸಿ. ಒಳ್ಳೆಯ ಗಾಳಿ ಅಂತ ಬಂದುಬಿಡುವಂಥ ವಿಷಯವಲ್ಲ ಇದು.

ಇನ್ನೊಂದು, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ, ಪಕ್ಕದ ಸಿದ್ದಾಪುರ ತಾಲೂಕಿನಲ್ಲಿ ಈಗಲೂ ಕಾಣಿಸಿಕೊಳ್ಳುತ್ತದೆ. ಉಣುಗು ಕಚ್ಚಿ ಹರಡುತ್ತದೆ. ಚಳಿಗಾಲದಿಂದ ಬೇಸಿಗೆ ತನಕ ಮಕ್ಕಳನ್ನು ಕಾಡಿನೊಳಗೆ ಸುಮ್ನೆ ಬಿಡಬೇಡಿ, ಹೋದರೂ ಮೈ ತುಂಬ ಬಟ್ಟೆ, ಬಂದ ಕೂಡಲೇ ಸ್ನಾನ. ಎಲ್ಲಾದರೂ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ಸಂಪಾದನೆ ಬಗ್ಗೆ ನನ್ನದೊಂದು ಗಟ್ಟಿ ಅಭಿಪ್ರಾಯ. ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಕಂಪನಿಗೇ ಮನೆಯಿಂದ ಕೆಲಸ ಮಾಡಿದರೆ ಶಿರಸಿಯಲ್ಲಿ ಇದ್ದರೂ ನೀವು ಶಿರಸಿಯವರಲ್ಲ. ಒಬ್ಬರಾದರೂ ಇಲ್ಲಿಯ ದುಡಿಮೆ ಹಿಡಿಯಬೇಕು, ಬರುವುದು ಕಡಿಮೆಯಾದರೂ ಸರಿ. ನನ್ನ ಗಂಡ ಹಳೆ ಕಂಪನಿಯಲ್ಲೇ ಇದ್ದಾರೆ. ನಾನು ಲೆಕ್ಕಪತ್ರದ ಕೆಲಸದವಳು, ಬೆಂಗಳೂರಿನ ನೌಕರಿ ಬಿಟ್ಟು ಇಲ್ಲಿನ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕ ಬರೆಯಲು ಶುರು ಮಾಡಿದೆ. ಮೊದಲ ಅಂಗಡಿಯನ್ನು ತೋರಿಸಿದ್ದು ಬಟ್ಟೆ ಒಣಗಿಸಿ ಕೊಟ್ಟ ಅದೇ ಅಮ್ಮನ ಮಗ. ಒಂದು ಅಂಗಡಿಯ ಲೆಕ್ಕ ಸರಿಯಾಗಿ ಬರೆದರೆ ಮುಂದಿನ ಅಂಗಡಿಯವರು ತಾವೇ ಕರೆಯುತ್ತಾರೆ. ಅಡಿಕೆ ವ್ಯವಹಾರದ ಊರು ಇದು. ತೋಟಗಾರರ ಸಹಕಾರಿ ಸಂಘ ಟಿಎಸ್ಎಸ್ 1923ರಲ್ಲೇ ಶುರುವಾಗಿದೆ, ಈಗ ಅದರ ಸೂಪರ್ ಮಾರ್ಕೆಟ್‌ನಲ್ಲೇ ನಮ್ಮ ತಿಂಗಳ ದಿನಸಿ. ಅಡಿಕೆ ರೇಟು ಏರಿದರೆ ಪೇಟೆಯಲ್ಲಿ ಕಳೆ ಇರುತ್ತದೆ, ಕೊಳೆ ರೋಗ ಬಂದು ಫಸಲು ಉದುರಿದ ವರ್ಷ ನನ್ನ ಅಂಗಡಿಯವರ ಲೆಕ್ಕದಲ್ಲೂ ಅದು ಕಾಣಿಸುತ್ತದೆ. ಈ ಕೆಲಸಕ್ಕೆ ಇಳಿಯದಿದ್ದರೆ ಊರಿನ ಸುಖ ದುಃಖ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಮನೆ ಕೆಲಸಕ್ಕೆ, ಮಗು ನೋಡಿಕೊಳ್ಳಲು ಜನ ಹುಡುಕುವವರೂ ಅಡಿಕೆ ಲೆಕ್ಕ ತಿಳಿದಿರಬೇಕು. ಚಳಿಗಾಲದಲ್ಲಿ ಅಡಿಕೆ ಗೊನೆ ಕೊಯ್ಲು ಶುರುವಾದರೆ ಎಷ್ಟೋ ಹೆಂಗಸರು ಅಡಿಕೆ ಸುಲಿಯಲು ಹೋಗುತ್ತಾರೆ, ಅಲ್ಲಿ ಕೂಲಿ ಚೆನ್ನಾಗಿ ಸಿಗುತ್ತದೆ. ನಮ್ಮ ಮನೆಗೆ ಬರುವ ಅಕ್ಕ ಮೊದಲೇ ಹೇಳಿದ್ದರು, ಆ ತಿಂಗಳುಗಳಲ್ಲಿ ಸಂಜೆ ಮಾತ್ರ ಬರುತ್ತೇನೆ ಅಂತ. ನಾವು ಆ ಹೊತ್ತಿಗೆ ನಮ್ಮ ಕೆಲಸದ ವೇಳೆ ಬದಲಿಸಿಕೊಳ್ಳುತ್ತೇವೆ.

ಸಾಮಾನು ಸಾಗಿಸಿದ್ದು ಏಪ್ರಿಲ್ ಕೊನೆಯಲ್ಲಿ. ಶಾಲೆ ಶುರುವಾಗುವ ಮೊದಲು ಮಕ್ಕಳಿಗೆ ಒಂದು ತಿಂಗಳು ಸಿಗಬೇಕು, ಆಟಕ್ಕೆ ಜೊತೆ ಸಿಗಬೇಕು, ಮತ್ತೆ ಮಳೆ ಬಂದರೆ ಲಾರಿ ಇಳಿಸುವುದೇ ಕಷ್ಟ. ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ, ಮಾರ್ಚ್ ಹೊತ್ತಿಗೆ. 2024ರಲ್ಲಿ ಆಗಿದೆ, ಅಲ್ಲಿಂದ ಎಣಿಸಿಕೊಳ್ಳಿ. ಜಾತ್ರೆಯ ದಿನಗಳಲ್ಲಿ ಎಲ್ಲರ ಮನೆ ತುಂಬ ನೆಂಟರು, ಆಗ ಮನೆ ಹುಡುಕಲು ಬರಬೇಡಿ. ಮಕ್ಕಳಿಗೆ ತೋರಿಸಲು ಮಾತ್ರ ತಪ್ಪದೆ ಬನ್ನಿ.

ಕಾಗದ ಪತ್ರ ಬೇಗ ಹೇಳಿ ಮುಗಿಸುತ್ತೇನೆ. ಹಳೆ ಶಾಲೆಯಿಂದ ಟಿಸಿ ಮತ್ತು ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ) ತರಲೇಬೇಕು. ಮಗುವಿನ ಲಸಿಕೆಯ ತಾಯಿ ಕಾರ್ಡ್ ಕೈಚೀಲದಲ್ಲಿರಲಿ, ಲಾರಿಗೆ ಹಾಕಬೇಡಿ. ಬಾಡಿಗೆ ಕರಾರು ಪತ್ರ ಆದ ಕೂಡಲೇ ಆಧಾರ್ ವಿಳಾಸ ಬದಲಿಸಿ, ಆಮೇಲೆ ಗ್ಯಾಸ್, ಬ್ಯಾಂಕ್ ಎಲ್ಲ ಸಲೀಸು. ಮತದಾರರ ಪಟ್ಟಿಗೆ ಫಾರಂ 8. ಗಾಡಿ ರಾಜ್ಯದೊಳಗೇ ಇರುವುದರಿಂದ ನಂಬರ್ ಕೆಎ 31 ಆಗಬೇಕಿಲ್ಲ, ವಿಳಾಸ ಬದಲಿಸಿದರೆ ಸಾಕು.

ಖರ್ಚು? ಬಾಡಿಗೆ ಬೆಂಗಳೂರಿನದರ ಮೂರನೇ ಒಂದು ಪಾಲಿಗೂ ಕಡಿಮೆ. ಶಾಲೆ ಫೀಸು ಇನ್ನೂ ಕಡಿಮೆ. ತರಕಾರಿ ಅಗ್ಗ ಅಂದುಕೊಂಡು ಬರಬೇಡಿ, ಸುತ್ತಲಿನದು ಅಡಿಕೆ ತೋಟ, ಎಷ್ಟೋ ತರಕಾರಿ ಹುಬ್ಬಳ್ಳಿ ಹಾವೇರಿ ದಿಕ್ಕಿನಿಂದ ಲಾರಿಯಲ್ಲಿ ಬರಬೇಕು. ಮಂಗಳವಾರದ ಸಂತೆಯಲ್ಲಿ ಹಳ್ಳಿಯವರು ತರುವ ಸೊಪ್ಪು, ಬಾಳೆಕಾಯಿ, ಅಪ್ಪೆಮಿಡಿ ಕಾಲದಲ್ಲಿ ಮಿಡಿ, ಅದು ಮಾತ್ರ ಬೆಂಗಳೂರಿನಲ್ಲಿ ಯಾವ ದುಡ್ಡಿಗೂ ಸಿಗದ ರುಚಿ.

ಕಷ್ಟವಾದದ್ದು ನನಗೆ ಅಪ್ಪ ಅಮ್ಮನ ದೂರ. ಶಿರಸಿಗೆ ರೈಲಿಲ್ಲ. ಅವರು ತುಮಕೂರಿನಲ್ಲಿ ಮೈಸೂರು–ತಾಳಗುಪ್ಪ ರೈಲು ಹತ್ತಿ ತಾಳಗುಪ್ಪದಲ್ಲಿ ಇಳಿಯುತ್ತಾರೆ, ಅಲ್ಲಿಂದ ಸಿದ್ದಾಪುರದ ಮೇಲೆ ನಾವು ಕರೆತರುತ್ತೇವೆ. ಬಂದರೆ ಬೇಗ ಹೋಗುವುದಿಲ್ಲ, ಬೆಂಗಳೂರಿನ ಫ್ಲಾಟ್‌ನಲ್ಲಿ ಎರಡೇ ದಿನಕ್ಕೆ ಬೇಸರವಾಗುತ್ತಿದ್ದ ಅಪ್ಪ ಇಲ್ಲಿ ಬೆಳಿಗ್ಗೆ ದೇವಿಕೆರೆ ತನಕ ನಡೆದು, ಯಾರ ಜೊತೆಗೋ ಮಾತಾಡಿಕೊಂಡು ಬರುತ್ತಾರೆ. ಮಕ್ಕಳಿಬ್ಬರೂ ಕೇರಿಗೆಲ್ಲ ಕೂಸು, ಮಾಣಿ (ಇಲ್ಲಿನ ಮಾತಿನಲ್ಲಿ ಹುಡುಗಿ, ಹುಡುಗ) ಆಗಿದ್ದಾರೆ.

ಜಾಗ ಯಾವಾಗ ತಗೊಳ್ತೀರಿ ಅಂತ ಎಲ್ಲರೂ ಕೇಳುತ್ತಾರೆ. 2020ರ ತಿದ್ದುಪಡಿ ಆದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಆದರೆ ಈ ಜಿಲ್ಲೆಗೆ ಬಂದವರು ಸೊಪ್ಪಿನ ಬೆಟ್ಟದ ವಿಷಯ ತಿಳಿಯಲೇಬೇಕು. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರಲು ಅಂತ ಒಂದು ಎಕರೆ ತೋಟಕ್ಕೆ 9 ಎಕರೆ ತನಕ ಬೆಟ್ಟ ಬಿಟ್ಟುಕೊಡುವ ವ್ಯವಸ್ಥೆ ಬ್ರಿಟಿಷರ ಕಾಲದಿಂದ ಇದೆ. ಅದು ಬಳಸುವ ಹಕ್ಕು, ಮಾಲೀಕತ್ವ ಅಲ್ಲ. ಬೆಟ್ಟವನ್ನೂ ಸೇರಿಸಿ ಇಷ್ಟು ಎಕರೆ ಅಂತ ಹೇಳಿದರೆ ಪಹಣಿ, ನಕ್ಷೆ ತಂದು ಯಾವುದು ತೋಟ, ಯಾವುದು ಬೆಟ್ಟ ಅಂತ ಬಿಡಿಸಿ ನೋಡಿ, ಬೆಟ್ಟದಲ್ಲಿ ಮನೆ ಕಟ್ಟುವ ಲೆಕ್ಕ ಹಾಕಬೇಡಿ. ರಸ್ತೆಯಿಂದ ಜಾಗಕ್ಕೆ ಹೋಗುವ ದಾರಿ ಯಾರ ಹೆಸರಲ್ಲಿದೆ ಅಂತಲೂ ನೋಡಿ. ಪಹಣಿ, ದಾರಿ, ಮೇ ತಿಂಗಳ ನೀರು ಈ ಮೂರೂ ಸರಿಯಿರುವ ಜಾಗ ನಮಗಿನ್ನೂ ಸಿಕ್ಕಿಲ್ಲ. ಸಿಗುವ ತನಕ ಬಾಡಿಗೆ ಮನೆಯಲ್ಲೇ ಇರುತ್ತೇವೆ ಅಂತ ಮಾಲೀಕರಿಗೆ ಹೇಳಿದ್ದೇವೆ, ಅವರೂ ಒಪ್ಪಿದ್ದಾರೆ.